ಆ ಬಾವಿಯ ಜೀವ ಆ ಬಾವಿಗೆ

ಗುಡ್ಡದ ಮನೆ, ಬೀಳಗಿ
12 ಜನವರಿ 2024

ಪ್ರೀತಿಯ ಸಿದ್ಧಿ,

ನಾನು ಗಟ್ಟಿಮುಟ್ಟಾಗಿದ್ದೇನೆ. ನೀನು ಹೇಗಿದ್ದೀಯೆಂದು ನೀನೇ ಬರೆದರೆ ತಾನೇ ಗೊತ್ತಾಗುವುದು? ದೀಪಾವಳಿಗೆ ಬಂದು ಹೋದವಳು ಒಂದು ಸಾಲು ಗೀಚಿಲ್ಲ. ಮಹಾಬಳೇಶ್ವರದ ಹೋಟೆಲಿನಲ್ಲಿ ಬಂದವರಿಗೆಲ್ಲ ನಕ್ಕು ನಮಸ್ಕಾರ ಮಾಡುವ ಕೆಲಸ ನಿನ್ನದು. ಅದರಲ್ಲಿ ಒಂದು ನಗುವನ್ನು ಈ ಸೋದರತ್ತೆಗೂ ಕಳಿಸಬಾರದೇ? ಗುಡ್ಡದ ಬುಡದಲ್ಲಿ ಫೋನಿಗೆ ರೇಂಜ್ ಸಿಗದಿರುವುದು ನನ್ನ ಪುಣ್ಯ ಎಂದೇ ನಾನು ತಿಳಿದಿದ್ದೇನೆ. ಫೋನಿನಲ್ಲಿ ಆಡಿದ ಮಾತು ಸೋಸದ ನೀರು. ಪತ್ರದಲ್ಲಾದರೆ ಮಾತು ಒಮ್ಮೆ ಬಟ್ಟೆ ಹಾಯ್ದು ಬರುತ್ತದೆ.

ಸಂಕ್ರಾಂತಿಗೆ ಕುಸುರೆಳ್ಳು ಕಳಿಸಿದ್ದೇನೆ. ಬನಹಟ್ಟಿಯ ಪೇಟೆಯದ್ದು, ನಾನು ಮಾಡಿದ್ದಲ್ಲ. ಸುಳ್ಳು ಹೇಳಿದರೆ ನೀನು ರುಚಿ ನೋಡಿ ಹಿಡಿದುಬಿಡುತ್ತೀ.

ಈಗ ಮುಖ್ಯ ಸುದ್ದಿ. ಬಾವಿಯ ಪಕ್ಕದಲ್ಲಿ, ಅಂಗಳದ ಬೇಲಿಗೆ ಹೊಂದಿ, ಹಳೆಯ ಕಲ್ಲಿನ ಬಾನಿ ಇತ್ತಲ್ಲ, ನಿನ್ನಪ್ಪ ಎತ್ತುಗಳಿಗೆ ನೀರು ಕುಡಿಸುತ್ತಿದ್ದದ್ದು? ಅದನ್ನು ತಿಕ್ಕಿ ತೊಳೆದು, ದಿನಾ ಸಂಜೆ ನೀರು ಸೋಸಿ ತುಂಬುತ್ತಿದ್ದೇನೆ. ಗುಬ್ಬಿ, ಅಳಿಲು ಕುಡಿಯಲಿ ಎಂದು ಶುರು ಮಾಡಿದ್ದು. ಕಳೆದ ವಾರ ಹೊತ್ತು ಇಳಿಯುವಾಗ ಬೇಲಿಯಾಚೆ ಏನೋ ಅಲುಗಾಡಿತು. ನೋಡಿದರೆ ಹುಲ್ಲೆ! ಯಡಹಳ್ಳಿ ಅಡವಿಯ ಕಡೆಯ ಚಿಂಕಾರ. ಮೊದಲು ಒಂದು, ಮರುದಿನ ಇನ್ನೊಂದು, ಈಗ ಒಂದು ಗುಂಪೇ ಬರುತ್ತಿದೆ. ಅದರಲ್ಲಿ ಒಬ್ಬಳ ಎಡಗಿವಿ ಹರಿದಿದೆ. ಅವಳಿಗೆ ಕಿವಿಹರಕಿ ಎಂದು ಹೆಸರಿಟ್ಟಿದ್ದೇನೆ. ಮೂವತ್ತು ವರ್ಷ ಸಾಲಿಯಲ್ಲಿ ಹಾಜರಿ ಕೂಗಿದವಳು, ಸುಮ್ಮನಿರಲು ಆಗುತ್ತದೆಯೇ? ಅವಳು ಬಾರದಿದ್ದರೆ ಗೈರುಹಾಜರಿ ಹಾಕುತ್ತೇನೆ.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುತ್ತಾರಲ್ಲ, ನನ್ನ ಬಾನಿಗೆ ಗುಡ್ಡವೇ ಬಂದಿದೆ. ನೀನು ಮಾತ್ರ ಬಾಕಿ.

ನಿನ್ನ ಅತ್ತೆ,
ಅಕ್ಕಮ್ಮ


ಮಹಾಬಳೇಶ್ವರ
2 ಫೆಬ್ರುವರಿ 2024

ಪ್ರೀತಿಯ ಅತ್ತೆ,

ಬೈಗುಳ ತಲುಪಿತು, ಕುಸುರೆಳ್ಳೂ ತಲುಪಿತು. ಎರಡೂ ಸಿಹಿಯಾಗಿದ್ದವು. ಇಲ್ಲಿ ಮದುವೆಯ ಜೋಡಿಗಳ ಕಾಲ, ಊಟಕ್ಕೆ ಕೂರಲೂ ಹೊತ್ತಿಲ್ಲ. ನಾನು ಈಗ ಅತಿಥಿಗಳನ್ನು ಸುತ್ತಾಡಿಸುವ ವಿಭಾಗಕ್ಕೆ ದೊಡ್ಡವಳು. ಹೆಸರು ದೊಡ್ಡದು ಅಷ್ಟೇ. ಮಂಜು ಕವಿದು ಕಣಿವೆ ಕಾಣದಿದ್ದರೆ ನಾನೇ ಮಂಜು ಕವಿಸಿದಂತೆ ಜನ ನನ್ನ ಮೇಲೆ ಹರಿಹಾಯುತ್ತಾರೆ.

ನಿನ್ನ ಹುಲ್ಲೆಗಳ ಸುದ್ದಿ ಓದಿ ಕುಣಿದೆ. ಪತ್ರವನ್ನು ನಿಶಾಂತನಿಗೂ ಓದಿ ಹೇಳಿದೆ. ನಿಶಾಂತ ನನ್ನ ಜೊತೆ ಕೆಲಸ ಮಾಡುವವನು, ತೇರದಾಳದವನು, ನಮ್ಮ ಪೈಕಿಯೇ. ಇನ್ನೂ ವಿವರವಾಗಿ ಬರೆ, ಅತ್ತೆ. ದಿನಾ ಒಂದೇ ಹೊತ್ತಿಗೆ ಬರುತ್ತವೆಯೇ? ಎಷ್ಟು ಹತ್ತಿರ ಬರುತ್ತವೆ? ನೀನು ಅಂಗಳದಲ್ಲಿದ್ದರೂ ನಿಲ್ಲುತ್ತವೆಯೇ? ಗುಡ್ಡದ ಓರೆಯಲ್ಲಿರುವ ನಮ್ಮ ಹುಲ್ಲಿನ ಹೊಲದಿಂದ ಬಾನಿ ಕಾಣುತ್ತದೆಯೇ? ಬೀಳಗಿಯ ರಸ್ತೆಯಿಂದ ಮನೆಯವರೆಗಿನ ದಾರಿಯಲ್ಲಿ ಕಾರು ಬರುತ್ತದೆಯೇ, ಇನ್ನೂ ಆ ಹಳ್ಳದ ಹತ್ತಿರ ಸಿಕ್ಕಿಬೀಳುತ್ತದೆಯೇ?

ಮಂಡಿನೋವಿಗೆ ಎಣ್ಣೆ ಹಚ್ಚು. ಸ್ಕೂಟಿ ಮೆಲ್ಲಗೆ ಓಡಿಸು.

ನಿನ್ನ ಸಿದ್ಧಿ


ಗುಡ್ಡದ ಮನೆ
20 ಫೆಬ್ರುವರಿ 2024

ಪ್ರೀತಿಯ ಸಿದ್ಧಿ,

ನಿನ್ನ ಪ್ರಶ್ನೆಗಳನ್ನು ಓದಿ ಕಣ್ಣು ತುಂಬಿ ಬಂತು. ಮನೆಯ ದಾರಿಯ ಹಳ್ಳವೂ ನೆನಪಾಗುವಷ್ಟು ಮನೆಯ ಹಂಬಲ ಹತ್ತಿದೆ ನಿನಗೆ. ಬಾಯಿಬಿಟ್ಟು ಹೇಳುವವಳಲ್ಲ, ನಿನ್ನಪ್ಪ ಅರಿಹಂತನ ಮಗಳೇ ಸರಿ. ನಿನ್ನ ಅಪ್ಪ ಅವ್ವ ಇಬ್ಬರೂ ತೀರಿಹೋದ ವರ್ಷ ನೀನು ನನ್ನ ಸೆರಗು ಹಿಡಿದು ಈ ಮನೆಗೆ ಬಂದಾಗಲೂ ಹೀಗೇ, ಅಳದೆ ಬರೀ ಪ್ರಶ್ನೆ ಕೇಳುತ್ತಿದ್ದೆ.

ಉತ್ತರಗಳು. ಹುಲ್ಲೆಗಳು ಸೂರ್ಯ ಗುಡ್ಡದ ತಲೆ ಮುಟ್ಟುವ ಹೊತ್ತಿಗೆ ಸರಿಯಾಗಿ ಬರುತ್ತವೆ, ನಾನು ಊಟ ಮುಗಿಸಿ ಬಟ್ಟಲು ತೊಳೆಯುವ ಹೊತ್ತು. ಮೊದಮೊದಲು ನಾನು ಕೆಮ್ಮಿದರೂ ಹಾರುತ್ತಿದ್ದವು. ಈಗ ಕಿವಿಹರಕಿ ನಾನು ಬಕೀಟು ಹಿಡಿದು ನಿಂತಿದ್ದರೂ ಕುಡಿಯುತ್ತಾಳೆ. ಅವಳ ಜೊತೆ ಪುಟ್ಟ ಮರಿಯೊಂದು ಬರಲು ಶುರುಮಾಡಿದೆ, ಕಾಲು ಕಡ್ಡಿಯಷ್ಟು. ನಾನು ಬೇಲಿಯ ಹತ್ತಿರ ಒಂದು ಬೆಂಚು ಹಾಕಿಸಿದ್ದೇನೆ. ಓರೆಯ ಹೊಲದಿಂದಲೂ ಬಾನಿ ಚೆನ್ನಾಗಿ ಕಾಣುತ್ತದೆ. ಹಳ್ಳಕ್ಕೆ ಈಗ ಗಟ್ಟಿ ದಾರಿಯಾಗಿದೆ, ಕಾರು ಬರುತ್ತದೆ.

ಕುರಿ ಕಾಯುವ ಸಾತಪ್ಪ ಮೊನ್ನೆ ನನ್ನನ್ನು ಗೇಲಿ ಮಾಡಿದ. "ಅಕ್ಕೋರ, ನೀವು ಹುಲ್ಲೆಗೂ ಸೋಸಿದ ನೀರು ಕುಡಸ್ತೀರಿ. ನಾ ಬಂದ್ರ ಬರೇ ಕೊಡಾ ತೋರಸ್ತೀರಿ." ಅವನಿಗೂ ಒಂದು ಲೋಟ ಸೋಸಿಯೇ ಕೊಟ್ಟೆ. ಸೋಸಿದ ಬಟ್ಟೆಯನ್ನು ಮಗುಚಿ, ಜೀವಾಣಿಯನ್ನು ಹಗ್ಗದ ತಂಬಿಗೆಯಲ್ಲಿ ಬಾವಿಗೆ ಇಳಿಸುವುದನ್ನು ಅವನು ಬಾಯಿ ತೆರೆದು ನೋಡಿದ. ಬಟ್ಟೆಯಲ್ಲಿ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ತಂದ ನೀರಿಗೇ ಮರಳಿ ಬಿಡಬೇಕೆಂದು ಅವನಿಗೆ ಬಿಡಿಸಿ ಹೇಳಿದೆ. ನೀನು ಸಣ್ಣವಳಿದ್ದಾಗ ಹಗ್ಗ ಇಳಿಸುವ ಬೇಸರಕ್ಕೆ ಅದನ್ನು ಹೊರಗಿನ ಸಿಮೆಂಟ್ ಟಾಕಿಗೆ ಚೆಲ್ಲಿ ನನ್ನ ಕೈಯಲ್ಲಿ ಸಿಕ್ಕಿಬಿದ್ದಿದ್ದೆ, ನೆನಪಿದೆಯೇ? "ಟಾಕಿಯೊಳಗೂ ನೀರ ಐತಲ್ಲ ಅತ್ತಿ" ಎಂದು ವಾದ ಬೇರೆ. ಆ ಬಾವಿಯ ಜೀವ ಆ ಬಾವಿಗೇ ಎಂದು ನಿನ್ನಿಂದ ಸ್ಲೇಟಿನ ತುಂಬ ಬರೆಸಿದ್ದೆ.

ಅಂದ ಹಾಗೆ, ಈ ನಿಶಾಂತ ಯಾರ ಮಗ? ಪತ್ರ ಓದಿ ಹೇಳುವಷ್ಟು ಆಪ್ತನೆಂದರೆ ವಿಚಾರಿಸುವುದು ನನ್ನ ಧರ್ಮ. ನಾನೇನೂ ಅವಸರ ಮಾಡುವುದಿಲ್ಲ. ತೇರದಾಳದಲ್ಲಿ ನನಗೆ ಗೊತ್ತಿರುವವರು ಇದ್ದಾರೆ ಎಂದಷ್ಟೇ ಹೇಳುತ್ತೇನೆ.

ನಿನ್ನ ಅತ್ತೆ


ಮಹಾಬಳೇಶ್ವರ
14 ಮಾರ್ಚ್ 2024

ಪ್ರೀತಿಯ ಅತ್ತೆ,

ಮೊದಲು ನಿಶಾಂತನ ವಿಷಯ. ಅವನಿಗೆ ಮದುವೆಯಾಗಿದೆ. ಹೆಂಡತಿ ಮಾನಸಿ, ಒಬ್ಬ ಮಗಳು. ತೇರದಾಳದಲ್ಲಿ ಶುರು ಮಾಡಿರುವ ವಿಚಾರಣೆಯನ್ನು ದಯವಿಟ್ಟು ನಿಲ್ಲಿಸು. ಅವನ ಅವ್ವ ಫೋನ್ ಮಾಡಿ "ಯಾರೋ ಟೀಚರ ನಿನ್ನ ಜಾತಕ ಕೇಳಾಕತ್ತಾರಲ್ಲೋ" ಎಂದು ಅವನನ್ನು ಬೈದರಂತೆ. ನಾವಿಬ್ಬರೂ ನಕ್ಕು ನಕ್ಕು ಸಾಕಾದೆವು.

ಎರಡನೆಯದು ಹೇಳಲು ಧೈರ್ಯ ಬೇಕಾಗಿತ್ತು, ಅದಕ್ಕೇ ಇಷ್ಟು ದಿನ ಮುಚ್ಚಿಟ್ಟೆ. ನನ್ನ ಪ್ರಶ್ನೆಗಳು ಬರೀ ಹಂಬಲದವಲ್ಲ, ಅತ್ತೆ. ಓರೆಯ ಹುಲ್ಲಿನ ಹೊಲದಲ್ಲಿ ನಾನೂ ನಿಶಾಂತನೂ ಸೇರಿ ಒಂದು ಕ್ಯಾಂಪ್ ಮಾಡಬೇಕೆಂದಿದ್ದೇವೆ. ಹತ್ತು ಡೇರೆ, ಒಂದು ಅಡುಗೆಮನೆ, ಬಾನಿಗೆ ಎದುರಾಗಿ ಮರದ ಅಟ್ಟ, ಬೆಳಿಗ್ಗೆ ಜೀಪಿನಲ್ಲಿ ಗುಡ್ಡದ ಸುತ್ತ ಒಂದು ಸವಾರಿ. ಬೇರೆ ಕಡೆ ಕಾಡು ತೋರಿಸುತ್ತೇವೆಂದು ಕರೆದೊಯ್ದು ನವಿಲಿನ ಬಾಲವನ್ನೂ ತೋರಿಸುವುದಿಲ್ಲ. ನಮ್ಮಲ್ಲಿ ಹುಲ್ಲೆ ತಾನಾಗಿ ಬರುತ್ತದೆ, ಹೊತ್ತಿಗೆ ಸರಿಯಾಗಿ, ಮನುಷ್ಯರ ಎದುರೇ. ಅದು ನಿನ್ನ ಕೈಗುಣ.

ಹೊಲ ನಿನ್ನ, ನನ್ನ ಇಬ್ಬರ ಹೆಸರಿನಲ್ಲಿದೆ, ನಿನ್ನ ಸಹಿ ಇಲ್ಲದೆ ಒಂದು ಗೂಟವನ್ನೂ ಹೊಡೆಯುವುದಿಲ್ಲ. ಆದರೆ ಒಂದು ಮಾತು ಕೇಳು. ಹತ್ತು ವರ್ಷ ಬೇರೆಯವರ ಅತಿಥಿಗಳಿಗೆ ಬೇರೆಯವರ ಕಣಿವೆ ತೋರಿಸಿದ್ದೇನೆ. ನನ್ನದೇ ಆದ ಒಂದು ಜಾಗ ಬೇಕು. ಅದು ಮನೆಯಲ್ಲೇ ಆದರೆ ದಿನಾ ನಿನ್ನ ಕೈಯ ರೊಟ್ಟಿ ತಿಂದು, ನಿನ್ನ ಕೈಯಲ್ಲೇ ಬೈಸಿಕೊಂಡಿರುತ್ತೇನೆ.

ನಿನ್ನ ಸಿದ್ಧಿ


ಗುಡ್ಡದ ಮನೆ
25 ಮಾರ್ಚ್ 2024

ಪ್ರೀತಿಯ ಸಿದ್ಧಿ,

"ಮನೆಯಲ್ಲೇ" ಎಂಬಲ್ಲಿಗೆ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡೆ. ಉಳಿದದ್ದನ್ನು ಸಂಜೆ ಓದಿದೆ. ನೀನು ಬರುತ್ತೀಯೆಂದರೆ ನಾನು ಆಕಾಶಕ್ಕೂ ಡೇರೆ ಹೊಡೆಸುತ್ತೇನೆ.

ಆದರೂ ನಾನು ಟೀಚರು. ಪರೀಕ್ಷೆ ಇಲ್ಲದೆ ಪಾಸು ಮಾಡುವುದಿಲ್ಲ. ಸಹಿಗೆ ಮೊದಲು ಒಮ್ಮೆ ಮಾಡಿ ತೋರಿಸಿರಿ. ಕೆಲವರನ್ನು ಕರೆತಂದು ಒಂದು ರಾತ್ರಿ ಇರಿಸಿ, ಗುಡ್ಡಕ್ಕೂ ಕಿವಿಹರಕಿಯ ಗುಂಪಿಗೂ ಒಗ್ಗುತ್ತದೆಯೋ ನೋಡೋಣ. ನನ್ನ ಷರತ್ತುಗಳು: ಮಾಂಸವಿಲ್ಲ, ಮದ್ಯವಿಲ್ಲ, ಹಾಡಿನ ಪೆಟ್ಟಿಗೆ ಇಲ್ಲ. ಊಟ ಸೂರ್ಯ ಮುಳುಗುವ ಮೊದಲು. ಅತಿಥಿಗಳು ಹಸಿವಾಗಿಲ್ಲವೆಂದರೆ ಹಸಿವು ಮಾಡಿಕೊಂಡು ಬರಲಿ.

ಸಾತಪ್ಪನಿಗೆ ಸುದ್ದಿ ಗೊತ್ತಾಗಿ ಹುಬ್ಬು ಹಾರಿಸುತ್ತಿದ್ದಾನೆ. ಕುರಿಗಳನ್ನು ತಮ್ಮನಿಗೆ ಒಪ್ಪಿಸಿ ಕ್ಯಾಂಪಿನ ಕಾವಲುಗಾರನಾಗುತ್ತಾನಂತೆ. "ಖಾಕಿ ಅಂಗಿ ಕೊಡ್ತಾರೇನ್ರಿ ಅಕ್ಕೋರ?" ಎಂದು ಈಗಲೇ ಕೇಳುತ್ತಾನೆ. ಕೂಸು ಹುಟ್ಟುವ ಮೊದಲೇ ಕುಲಾವಿ.

ನನ್ನ ಮನಸ್ಸಿನ ಮೂಲೆಯಲ್ಲಿ ಏನೋ ಒಂದು ಚುಚ್ಚುತ್ತಿದೆ, ಅದೇನೆಂದು ನನಗೇ ತಿಳಿಯುತ್ತಿಲ್ಲ. ಬಿಡು, ವಯಸ್ಸಾದವರಿಗೆ ಹೊಸದೆಲ್ಲ ಚುಚ್ಚುತ್ತದೆ. ನಿನ್ನ ಕೋಣೆಗೆ ಸುಣ್ಣ ಹೊಡೆಸಲು ಹೇಳಿದ್ದೇನೆ.

ನಿನ್ನ ಅತ್ತೆ


ಮಹಾಬಳೇಶ್ವರ
30 ಏಪ್ರಿಲ್ 2024

ಪ್ರೀತಿಯ ಅತ್ತೆ,

ಪಾಸಾದೆನೋ ಇಲ್ಲವೋ ಹೇಳು! ಕಳೆದ ವಾರ ಪರೀಕ್ಷೆಯ ಕ್ಯಾಂಪಿಗೆ ಬಂದವರೆಲ್ಲ ಇನ್ನೂ ಅದೇ ಮಾತು ಆಡುತ್ತಿದ್ದಾರೆ. ನಿನ್ನ ಶೇಂಗಾ ಹಿಂಡಿ, ಎಣ್ಣೆಗಾಯಿ, ಬೆಳದಿಂಗಳಲ್ಲಿ ನೀನು ಹೇಳಿದ ಗುಡ್ಡದ ಕಥೆ. ಪುಣೆಯ ಆ ದಪ್ಪ ಕನ್ನಡಕದ ಅಜ್ಜಿ ನಿನ್ನನ್ನು ಮನೆಗೇ ಕರೆದೊಯ್ಯುತ್ತೇನೆ ಎಂದಳು. ನಾನು ಬೇಡ ಎಂದೆ.

ಎಲ್ಲಕ್ಕಿಂತ ಕಿವಿಹರಕಿ! ಮರಿಯನ್ನು ಕರೆದುಕೊಂಡು ಬಂದಳಲ್ಲ, ಆಗ ಎಲ್ಲರೂ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟರು. ನಾನು ಎದೆ ಹಿಡಿದುಕೊಂಡೆ, ಎಲ್ಲ ಹಾರಿ ಹೋದವು ಎಂದುಕೊಂಡೆ. ಅವಳು ತಲೆ ಎತ್ತಿ ನಮ್ಮನ್ನು ನೋಡಿ ಮತ್ತೆ ಕುಡಿದಳು! ಕ್ಯಾಂಪ್ ಗೆಲ್ಲುತ್ತದೆಂದು ನನಗೆ ಅಲ್ಲೇ ಗೊತ್ತಾಯಿತು.

ಬೆಳಿಗ್ಗೆ ಅತಿಥಿಗಳ ಜೊತೆ ನಾನು ಬೇಗ ಹೊರಟೆ, ನಿನಗೆ ಸರಿಯಾಗಿ ಹೇಳಿ ಬರಲೂ ಆಗಲಿಲ್ಲ. ನಿಶಾಂತ ಡೇರೆ ಬಿಚ್ಚಿಸಲು, ಜಾಹೀರಾತಿಗೆ ಒಂದು ವಿಡಿಯೊ ಮಾಡಿಕೊಳ್ಳಲು ಹಿಂದೆ ಉಳಿದ. ಅವನ ಬಿಜಲಿಯನ್ನು ನೀನು ಮೆಚ್ಚಿದೆ ಎಂದು ಆ ಸಂಜೆ ಅವನಿಗೆ ಹಿಗ್ಗೋ ಹಿಗ್ಗು. ತಿಮ್ಮಾಪುರದಿಂದ ಮರಿಯಿದ್ದಾಗ ತಂದು ಸಾಕಿದ ನಾಯಿ. ಮುಧೋಳದ ಸೀಮೆಯ ಕ್ಯಾಂಪ್ ಎಂದ ಮೇಲೆ ಮುಧೋಳ ನಾಯಿ ಇಲ್ಲದಿದ್ದರೆ ಹೇಗೆ? ಅತಿಥಿಗಳು ಅದರ ಜೊತೆ ಫೋಟೊ ತೆಗೆಸಿಕೊಳ್ಳಲು ಸಾಲು ನಿಂತಿದ್ದರು.

ಬೇಗ ಫಲಿತಾಂಶ ಬರೆ. ಸಹಿಗೆ ಜೂನ್‌ನಲ್ಲಿ ಬರುತ್ತೇನೆ.

ನಿನ್ನ ಸಿದ್ಧಿ


ಮಹಾಬಳೇಶ್ವರ
28 ಮೇ 2024

ಅತ್ತೆ,

ನಿನ್ನ ಪತ್ರವಿಲ್ಲ. ಬೈಗುಳವೂ ಇಲ್ಲ, ಅದೇ ನನಗೆ ಹೆದರಿಕೆ. ನಿಶಾಂತನೂ ರಜೆ ಹಾಕಿ ತೇರದಾಳಕ್ಕೆ ಹೋದವನು ಬಂದಿಲ್ಲ, ಮನೆಯಲ್ಲಿ ಏನೋ ಕೆಲಸ ಎನ್ನುತ್ತಾನೆ. ಮಂಡಿ ನೋಯುತ್ತಿದೆಯೇ? ಜ್ವರವೇ? ನಾನು ಬರಲೇ? ಎರಡು ಸಾಲು ಗೀಚು ಸಾಕು.

ಸಿದ್ಧಿ


ಗುಡ್ಡದ ಮನೆ
6 ಜೂನ್ 2024

ಪ್ರೀತಿಯ ಸಿದ್ಧಿ,

ನನಗೇನೂ ಆಗಿಲ್ಲ, ಗಾಬರಿ ಬೇಡ. ಉಪ್ಪಿನಕಾಯಿಯ ಗಡಿಬಿಡಿ. ಜಮಖಂಡಿಯಿಂದ ಮಾವಿನಕಾಯಿ ತರಿಸಿದ್ದೆ, ಹೆಚ್ಚಿ ಉಪ್ಪು ಹಾಕಿ ಬಿಸಿಲಿಗಿಟ್ಟರೆ ಮಳೆ ಬರುವ ಹಾಗೆ ಆಗುತ್ತದೆ, ಒಳಗಿಟ್ಟರೆ ಬಿಸಿಲು ಬೀಳುತ್ತದೆ. ಮುಂಗಾರು ನನ್ನ ಜೊತೆ ಕಣ್ಣಾಮುಚ್ಚಾಲೆ ಆಡುತ್ತಿದೆ.

ನಿನ್ನ ಕೋಣೆಯ ಸುಣ್ಣ ಮುಗಿಯಿತು. ಸಾತಪ್ಪ ಕುರಿಗಳನ್ನು ತಮ್ಮನಿಂದ ಮರಳಿ ತೆಗೆದುಕೊಂಡ. ಬಾನಿಯನ್ನು ತೊಳೆಯಲೆಂದು ಬರಿದು ಮಾಡಿದ್ದೇನೆ. ಬನಹಟ್ಟಿಯಿಂದ ದಪ್ಪ ನೂಲಿನ ಹೊಸ ಬಟ್ಟೆ ತಂದು ನೀರು ಸೋಸಲು ಅಂಚು ಹೊಲಿದೆ. ಸಣ್ಣ ಸೂಜಿ ಕಣ್ಣಿಗೆ ಹತ್ತುವುದಿಲ್ಲ ಈಗ.

ನಿನ್ನ ಕ್ಯಾಂಪು ಚೆನ್ನಾಗಿ ನಡೆಯಿತು, ಊಟ ಎಲ್ಲರಿಗೂ ಹಿಡಿಸಿತು. ನೀನು ಜೂನ್‌ನಲ್ಲಿ ಅವಸರಪಟ್ಟು ಬರಬೇಡ, ಮಳೆಯಲ್ಲಿ ಘಾಟಿನ ರಸ್ತೆ ಸರಿಯಿರುವುದಿಲ್ಲ.

ನಿನ್ನ ಅತ್ತೆ


ಮಹಾಬಳೇಶ್ವರ
19 ಜೂನ್ 2024

ಅತ್ತೆ,

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ಮಾವಿನಕಾಯಿ ಇದೆ, ಸೂಜಿ ಇದೆ, ಸಾತಪ್ಪನ ಕುರಿ ಇದೆ. ಕಿವಿಹರಕಿ ಇಲ್ಲ. ಜನವರಿಯಿಂದ ನೀನು ಬರೆದ ಯಾವ ಪತ್ರವೂ ಹುಲ್ಲೆ ಇಲ್ಲದೆ ಮುಗಿದಿಲ್ಲ. ಬಾನಿಯನ್ನು ತೊಳೆಯಲು ಬರಿದು ಮಾಡಿದೆ ಎನ್ನುತ್ತೀ, ಮತ್ತೆ ನೀರು ತುಂಬಿದ ಸುದ್ದಿಯಿಲ್ಲ. ಮನೆಗೆ ಬಾ ಎಂದು ವರ್ಷವಿಡೀ ಜಗಳವಾಡುವವಳು ಈಗ ಬರಬೇಡ ಎನ್ನುತ್ತೀ.

ನಿಶಾಂತನನ್ನು ಕೇಳಿದೆ. "ಅತ್ತಿ ಹೇಳ್ಲಿ, ನನಗ ಬಾಯಿ ಬರವಲ್ದು" ಎಂದ.

ಮಾತು ಸೋಸಿ ಕೊಡುವುದು ಸರಿ, ಅತ್ತೆ. ಸೋಸಿ ಸೋಸಿ ನೀರನ್ನೇ ಚೆಲ್ಲಿಬಿಟ್ಟರೆ ನಾನೇನು ಕುಡಿಯಲಿ? ಏನಾಯಿತು ಹೇಳು.

ಸಿದ್ಧಿ


ಗುಡ್ಡದ ಮನೆ
27 ಜೂನ್ 2024

ಸಿದ್ಧಿ, ನನ್ನ ಕೂಸೇ,

ಹೇಳುತ್ತೇನೆ. ನಿನ್ನ ಸಂತೋಷದ ಮೇಲೆ ನೀರು ಸುರಿಯಲು ಕೈ ಏಳಲಿಲ್ಲ, ಅಷ್ಟೇ.

ನೀವು ಹೊರಟ ಬೆಳಿಗ್ಗೆ ನಿಶಾಂತ ಓರೆಯ ಹೊಲದಲ್ಲಿ ವಿಡಿಯೊ ಮಾಡುತ್ತಿದ್ದ. ಹುಲ್ಲಿನಲ್ಲಿ ಬಿಜಲಿ ಓಡುವುದು ಚಂದ ಕಾಣುತ್ತದೆಂದು ಅದರ ಸರಪಳಿ ಬಿಚ್ಚಿದ. ಹುಲ್ಲೆಗಳು ಸಂಜೆ ಮಾತ್ರ ಬರುತ್ತವೆಂದು ಅವನು ನಂಬಿದ್ದ, ಹಾಗೆಂದು ಹೇಳಿದವಳೂ ನಾನೇ. ಆದರೆ ಹಿಂದಿನ ಸಂಜೆ ಜನ ನೆರೆದದ್ದಕ್ಕೆ ಕೆಲವು ಹುಲ್ಲೆಗಳು ಪೂರ್ತಿ ಕುಡಿಯದೆ ಹೋಗಿದ್ದವೋ ಏನೋ, ಕಿವಿಹರಕಿ ಮರಿಯ ಜೊತೆ ಬಿಸಿಲೇರುವ ಮೊದಲೇ ಇಳಿದು ಬಂದಳು. ಬಿಜಲಿ ಅವಳನ್ನು ಕಂಡಿತು. ಮುಧೋಳ ನಾಯಿ ಕಣ್ಣಿಗೆ ಬಿದ್ದದ್ದನ್ನು ಬೆನ್ನಟ್ಟಿದ ಮೇಲೆ ಅದಕ್ಕೆ ಕಿವಿಯೇ ಇರುವುದಿಲ್ಲ. ನಿಶಾಂತ ಹೆಸರು ಹಿಡಿದು ಕೂಗುತ್ತ ಓಡಿದ, ಸಾತಪ್ಪ ಸಿಳ್ಳೆ ಹಾಕಿದ. ಅದು ತನ್ನ ಹುಟ್ಟುಗುಣ ಮಾಡಿತು, ಅದರ ತಪ್ಪೇನೂ ಇಲ್ಲ.

ಈಗ ಕೇಳು. ಮರಿ ಗುಡ್ಡದ ಕಡೆ ಹಾರಿತು. ಗುಡ್ಡ ಹತ್ತಿದ್ದರೆ ಕಲ್ಲುಗಳ ನಡುವೆ ಕಿವಿಹರಕಿಯೂ ಉಳಿಯುತ್ತಿದ್ದಳು. ಆದರೆ ಅವಳು ಗುಡ್ಡಕ್ಕೆ ಓಡಲಿಲ್ಲ, ಸಿದ್ಧಿ. ಮನೆಯ ಕಡೆ ಓಡಿ ಬಂದಳು. ನಾನು ಬಾನಿಯ ಹತ್ತಿರ ಬಕೀಟು ಹಿಡಿದು ನಿಂತಿದ್ದೆ. ನನ್ನ ಹತ್ತಿರ ಬಂದಳು.

ಬೇಲಿಯ ಮೂಲೆಯಲ್ಲಿ ನಾಯಿ ಅವಳನ್ನು ಹಿಡಿಯಿತು. ಸಾತಪ್ಪ ಬಂದು ನಾಯಿಯನ್ನು ಎಳೆದು ಬಿಡಿಸಿದ. ಮೈಮೇಲೆ ದೊಡ್ಡ ಗಾಯವೇನೂ ಇರಲಿಲ್ಲ. ಗಾಬರಿಗೆ ಎದೆ ಒಡೆಯಿತು ಎಂದು ಆಮೇಲೆ ಬಂದ ದನದ ಡಾಕ್ಟರರು ಹೇಳಿದರು. ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಣಮೋಕಾರ ಮಂತ್ರ ಹೇಳಿದೆ. ನೀರು ಹನಿಸಿದೆ, ಕುಡಿಯಲಿಲ್ಲ.

ಅರಣ್ಯ ಇಲಾಖೆಯವರಿಗೆ ನಾನೇ ತಿಳಿಸಿದೆ. ನಿಶಾಂತ ಓಡಿಹೋಗಲಿಲ್ಲ, ನಾಯಿ ಬಿಟ್ಟವನು ತಾನೆಂದು ಎದುರು ನಿಂತು ಹೇಳಿದ. ಅದರ ಕೇಸಿಗಾಗಿಯೇ ಅವನು ಈ ಕಡೆ ಅಲೆಯುತ್ತಿರುವುದು. ಅವನನ್ನು ಬೈಯಬೇಡ. ಒಬ್ಬನೇ ಕೂತು ಅತ್ತಿದ್ದಾನೆ, ನಾನು ನೋಡಿದ್ದೇನೆ.

ಚಿಂಕಾರಕ್ಕೆ ನೀರೇ ಬೇಕೆಂದಿಲ್ಲ. ಎಲೆ, ಇಬ್ಬನಿ ಸಾಕು, ಬೇಸಿಗೆ ಕಡುವಾದರೆ ಗುಡ್ಡದ ಹಿಂದಿನ ಕಲ್ಲುದೊಣೆ ಇದೆ. ಈ ಪಾಠವನ್ನು ಎಷ್ಟೋ ವರ್ಷ ಮಕ್ಕಳಿಗೆ ಮಾಡಿದವಳು ನಾನು. ಆದರೂ ಬಾನಿಗೆ ನೀರು ತುಂಬಿಸಿದೆ, ಯಾಕೆಂದರೆ ಅವು ಬಂದರೆ ನನಗೆ ಚಂದ. ದಯೆ ಎಂದುಕೊಂಡೆ. ಗುಡ್ಡದ ಜೀವವನ್ನು ಅಂಗಳದ ಟಾಕಿಗೆ ತಂದು ಚೆಲ್ಲಿದೆ. ಸಣ್ಣ ಹುಡುಗಿ ನೀನು ಮಾಡಿದ ತಪ್ಪಿಗೆ ಸ್ಲೇಟು ತುಂಬಿಸಿದವಳು, ಅದನ್ನೇ ಮಾಡಿದೆ ನೋಡು.

ಸಹಿಯ ಮಾತು. ನೀನು ಕೇಳಿದರೆ ಮಾಡುತ್ತೇನೆ. ನಿನಗೆ ಇಲ್ಲ ಎನ್ನುವ ಶಕ್ತಿ ನನಗಿಲ್ಲ, ನೀನು ಮನೆಗೆ ಬರಬೇಕೆಂಬ ಆಸೆ ಅಷ್ಟಿದೆ. ಅದಕ್ಕೇ ನಿರ್ಧಾರವನ್ನು ನಿನ್ನ ಕೈಗೆ ಕೊಡುತ್ತಿದ್ದೇನೆ. ಇದು ಹೇಡಿತನವೆಂದು ಗೊತ್ತು.

ನಿನ್ನ ಅತ್ತೆ


ಮಹಾಬಳೇಶ್ವರ
21 ಜುಲೈ 2024

ಪ್ರೀತಿಯ ಅತ್ತೆ,

ತಡವಾಯಿತು. ಖರೆ ಹೇಳುತ್ತೇನೆ, ಮೊದಲು ನಿನ್ನ ಮೇಲೆ ಸಿಟ್ಟು ಬಂತು. ಕಿವಿಹರಕಿಗಾಗಿ ಅತ್ತುಬಿಟ್ಟೆ, ಆಮೇಲೆ ಕ್ಯಾಂಪಿಗಾಗಿಯೂ. ಎರಡನೆಯದಕ್ಕೇ ಹೆಚ್ಚು ಅತ್ತದ್ದು ಎಂದರೆ ನನ್ನನ್ನು ಕೆಟ್ಟವಳು ಎನ್ನುತ್ತೀಯಾ? "ಬೇಡ" ಎಂದು ನೀನು ಒಂದು ಮಾತು ಅಂದಿದ್ದರೆ ನಿನ್ನ ಜೊತೆ ಜಗಳವಾಡಿ ಹಗುರಾಗುತ್ತಿದ್ದೆ. ನಾಯಿಯನ್ನು ಕಟ್ಟಿಹಾಕಿದರಾಯಿತು, ಬೇಲಿ ಎತ್ತರ ಮಾಡಿದರಾಯಿತು ಎಂದು ನಿನಗೆ ಬರೆಯಲು ಕೂತೆ. ಆ ಪತ್ರ ಅರ್ಧಕ್ಕೇ ನಿಂತಿದೆ.

ಯಾಕೆ ನಿಂತಿತೆಂದರೆ, ಅಂದು ಅತಿಥಿಗಳನ್ನು ಕಣಿವೆಯ ಅಂಚಿಗೆ ಕರೆದೊಯ್ದಿದ್ದೆ. ಇಲ್ಲಿನ ಮಂಗಗಳನ್ನು ನೀನು ನೋಡಿಲ್ಲ. ಜನ ಬಿಸ್ಕೀಟು ಕೊಟ್ಟು ಕೊಟ್ಟು ಅವು ಮರ ಬಿಟ್ಟು ರಸ್ತೆಯಲ್ಲೇ ಕೂರುತ್ತವೆ, ಕಾರು ಕಂಡರೆ ಎದುರಿಗೇ ಓಡಿ ಬರುತ್ತವೆ. ಹತ್ತು ವರ್ಷದಿಂದ ನಾನೂ ಅದನ್ನು ತೋರಿಸಿ ನಗಿಸುತ್ತಿದ್ದೇನೆ. ಅಂದು ಒಂದು ತಾಯಿ ಮಂಗ ಮರಿಯನ್ನು ಹೊಟ್ಟೆಗೆ ಅಪ್ಪಿಕೊಂಡು ನಮ್ಮ ಗಾಡಿಯ ಕಡೆ ಓಡಿ ಬಂತು. ಡ್ರೈವರ ಬ್ರೇಕು ಹಾಕಿದ, ಉಳಿಯಿತು. ಅತಿಥಿಗಳು ಚಪ್ಪಾಳೆ ತಟ್ಟಿದರು. ನನಗೆ ಕಿವಿಹರಕಿ ತಲೆ ಎತ್ತಿ ಮತ್ತೆ ನೀರು ಕುಡಿದದ್ದು ಕಣ್ಣ ಮುಂದೆ ಬಂತು. ಅವಳು ಓಡಲಿಲ್ಲವೆಂದು ನಾನು ಹಿಗ್ಗಿದ್ದೆ, ಅತ್ತೆ. ಓಡಬೇಕಾಗಿತ್ತು.

ನಾನು ಸಹಿ ಕೇಳುವುದಿಲ್ಲ. ಓರೆಯ ಹೊಲದಲ್ಲಿ ಹುಲ್ಲೇ ಇರಲಿ. ನಿಶಾಂತನಿಗೂ ಹೇಳಿದೆ, ಅವನೂ ಒಪ್ಪಿದ. ಬಿಜಲಿಯನ್ನು ತೇರದಾಳದ ಮನೆಯಲ್ಲಿ ಕಟ್ಟಿ ಸಾಕುತ್ತಿದ್ದಾನೆ, ಅವನ ಮಗಳು ಅದರ ಕಿವಿ ಹಿಡಿದು ಜಗ್ಗುತ್ತಾಳಂತೆ. ನಾನು ಸದ್ಯಕ್ಕೆ ಇಲ್ಲೇ ಇರುತ್ತೇನೆ. ಮನೆಗೆ ಬರುವ ಬೇರೆ ದಾರಿ ಹುಡುಕುತ್ತೇನೆ, ಸಿಗುವುದು ತಡವಾಗಬಹುದು. ನೀನು ಅಳಬೇಡ, ನಾನೂ ಅಳುವುದಿಲ್ಲ. ಇಬ್ಬರೂ ಸುಳ್ಳು ಹೇಳೋಣ.

ಬಾನಿಗೆ ನೀರು ಹಾಕಬೇಡ. ದಶಲಕ್ಷಣ ಪರ್ವಕ್ಕೆ ರಜೆ ಕೇಳಿದ್ದೇನೆ. ಪರ್ವ ಮುಗಿದು ಎಲ್ಲ ಜೀವಗಳಲ್ಲೂ ಕ್ಷಮೆ ಕೇಳುವ ಕ್ಷಮಾವಾಣಿಯ ದಿನ ಇಬ್ಬರೂ ಸೇರಿ ಅದನ್ನು ಮಗುಚೋಣ.

ನಿನ್ನ ಸಿದ್ಧಿ


ಗುಡ್ಡದ ಮನೆ
16 ಜನವರಿ 2025

ಪ್ರೀತಿಯ ಸಿದ್ಧಿ,

ಕುಸುರೆಳ್ಳು ಈ ಸಲ ನಾನೇ ಮಾಡಿದೆ. ಮುಳ್ಳೇ ಏಳಲಿಲ್ಲ, ಎಳ್ಳು ಬೋಳಾಗಿ ನನ್ನನ್ನೇ ನೋಡಿ ನಗುತ್ತಿದೆ. ತಿನ್ನು, ಬೈಯಬೇಡ.

ಕ್ಷಮಾವಾಣಿಯ ದಿನ ನೀನೂ ನಾನೂ ಸಾತಪ್ಪನೂ ಸೇರಿ ಮಗುಚಿದ ಬಾನಿ ಹಾಗೇ ಬೋರಲಾಗಿ ಬಿದ್ದಿದೆ. ಅದರ ಬೆನ್ನಿನ ಮೇಲೆ ಹಪ್ಪಳ ಒಣಗಿಸುತ್ತೇನೆ. ಗುಬ್ಬಿಗಳಿಗೆ ಗೋಡೆಯ ಮೇಲೆ ಒಂದು ಪುಟ್ಟ ಬಟ್ಟಲಿದೆ, ಅದು ಹುಲ್ಲೆಯ ಬಾಯಿಗೆ ಎಟುಕುವುದಿಲ್ಲ. ನೀನು ಹೋದ ಮೇಲೂ ಕೆಲವು ದಿನ ಹುಲ್ಲೆಗಳು ಸಂಜೆ ಬೇಲಿಯ ಹತ್ತಿರ ಬಂದು ನಿಂತವು. ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಮೂವತ್ತು ವರ್ಷದಲ್ಲಿ ಯಾವ ಮಗುವನ್ನೂ ಹೊರಗೆ ನಿಲ್ಲಿಸಿದವಳಲ್ಲ ನಾನು, ಸಿದ್ಧಿ. ಆ ಸಂಜೆಗಳು ಬಹಳ ಕಷ್ಟವಾದವು. ಆಮೇಲೆ ಅವು ಬರುವುದು ನಿಂತಿತು. ಬೆಂಚಿನ ಮೇಲೆ ಕೂತರೆ ಬರೀ ಗುಡ್ಡ, ಹುಲ್ಲು. ಹಾಜರಿ ಕೂಗಲು ಯಾರೂ ಇಲ್ಲ.

ಇಂದು ಬೆಳಿಗ್ಗೆ ಉಪ್ಪು ತರಲು ಬೀಳಗಿಗೆ ಹೊರಟಿದ್ದೆ. ಹಳ್ಳದ ತಿರುವಿನಲ್ಲಿ ಸ್ಕೂಟಿ ನಿಲ್ಲಿಸಿ ಓರೆಯ ಕಡೆ ನೋಡಿದರೆ, ಹುಲ್ಲಿನ ನಡುವೆ ಒಂದು ಎಳೆಯ ಹುಲ್ಲೆ. ಕಾಲು ಇನ್ನೂ ಕಡ್ಡಿಯೇ, ಆದರೆ ಮೈ ತುಂಬಿದೆ. ಕಿವಿಹರಕಿಯ ಮರಿಯೇ ಹೌದೋ ಅಲ್ಲವೋ ಹೇಗೆ ಹೇಳಲಿ? ನಾನು ಹೌದೆಂದುಕೊಂಡೆ. ಬಾಯಿ ತಡೆಯಲಿಲ್ಲ, "ಬಾರವ್ವಾ" ಎಂದುಬಿಟ್ಟೆ.

ನನ್ನನ್ನು ಕಂಡದ್ದೇ ತಡ, ಓಡಿತು. ತಿರುಗಿ ಕೂಡ ನೋಡದೆ, ನೆಟ್ಟಗೆ ಗುಡ್ಡ ಹತ್ತಿ ಕಲ್ಲುಗಳ ಆಚೆ ಇಳಿಯಿತು.

ದಾರಿಯ ನಡುವೆ ನಿಂತು ಅತ್ತುಬಿಟ್ಟೆ. ಸಾತಪ್ಪ ಕುರಿಗಳ ಜೊತೆ ಬಂದು "ಯಾಕ್ರಿ ಅಕ್ಕೋರ, ಏನಾತು?" ಎಂದು ಕೇಳಿದ. "ಏನಿಲ್ಲೋ, ನನ್ನ ನೋಡಿ ಓಡಿ ಹೋತು" ಎಂದೆ. "ಓಡಿ ಹೋದ್ರ ಛಲೋ ಆತಲ್ರಿ" ಎಂದ. ಹೂಂ, ಛಲೋ ಆಯಿತು ಎಂದು ನಾನೂ ಮೂಗು ಒರೆಸಿಕೊಂಡು ಸ್ಕೂಟಿ ಚಾಲೂ ಮಾಡಿದೆ.

ಉಪ್ಪು ತರುವುದನ್ನೇ ಮರೆತು ಬಂದಿದ್ದೇನೆ, ಮತ್ತೆ ಹೋಗಬೇಕು. ಯುಗಾದಿಗೆ ನೀನು ಬಾ. ಬೆಂಚು ಇಬ್ಬರಿಗೆ ಸಾಕಾಗುವಷ್ಟಿದೆ, ಕೂತು ಬರೀ ಗುಡ್ಡ ನೋಡೋಣ.

ನಿನ್ನ ಅತ್ತೆ,
ಅಕ್ಕಮ್ಮ